ಹಳೆಯ ಮೋಟಾರಿನ ಒಳಹೊದಿಕೆಯನ್ನು ಮುರಿಯದೆ ಬಿಚ್ಚುವ ಬಗೆ

ಮೋಟಾರು ಕಾರಿನ ಮಾತು ಬಂದಾಗ ನಮ್ಮ ಜನ ಕೇಳುವುದು ಎರಡೇ ಪ್ರಶ್ನೆ: ಎಂಜಿನ್ನು ಹೇಗಿದೆ, ಬಣ್ಣ ಹೇಗಿದೆ. ಆದರೆ ಕಾರಿನೊಳಗೆ ಕುಳಿತವನ ಕೈಗೆ ಎಂಜಿನ್ನು ತಗಲುವುದಿಲ್ಲ. ಹೊರಗಿನ ಬಣ್ಣ ಅವನ ಕಣ್ಣಿಗೆ ಬೀಳುವುದೂ ಅಷ್ಟಕ್ಕಷ್ಟೆ. ಅವನ ಕೈಗೆ ತಗಲುವುದು ಬಾಗಿಲಿನ ಒಳಮಗ್ಗುಲಿಗೆ ಕೂಡಿಸಿದ ರೆಕ್ಸಿನ್ ಹಲಗೆ, ಗಾಜನ್ನು ಏರಿಸಿ ಇಳಿಸುವ ಹಿಡಿ, ಎದುರಿಗಿರುವ ಡ್ಯಾಷ್‌ಬೋರ್ಡಿನ ಮೆತ್ತೆ, ತಲೆಯ ಮೇಲಿನ ಬಟ್ಟೆ, ಕಂಬಗಳ ಮೇಲಿನ ಪ್ಲಾಸ್ಟಿಕ್ ಪಟ್ಟಿ. ಇವೆಲ್ಲವನ್ನೂ ಸೇರಿಸಿ ಕೆಲಸಗಾರರು ‘ಟ್ರಿಮ್ಮು’ ಎನ್ನುತ್ತಾರೆ. ಕನ್ನಡದಲ್ಲಿ ಒಳಹೊದಿಕೆ ಎಂದು ಕರೆದರೆ ತಪ್ಪಾಗಲಾರದೆಂದು ನನಗೆ ತೋರುತ್ತದೆ. ಈ ಒಳಹೊದಿಕೆ ಹಳೆಯದಾಗಿ, ಸುಟ್ಟ ಹಪ್ಪಳದಂತೆ ಪೆಡಸಾದಾಗ ಅದನ್ನು ಮುರಿಯದೆ ಬಿಚ್ಚುವುದು ಹೇಗೆಂಬುದೇ ಈ ಲೇಖನದ ವಿಷಯ.

ಕಲಾ ವಿಭಾಗದ ಅಂತಿಮ ತರಗತಿಯ ವಿದ್ಯಾರ್ಥಿಗೆ ಇದರಲ್ಲಿ ಏನು ಕೆಲಸವೆಂದು ಅಧ್ಯಾಪಕರಲ್ಲಿ ಕೆಲವರಾದರೂ ಹುಬ್ಬೇರಿಸಿಯಾರು. ಅವರಲ್ಲಿ ನನ್ನ ಬಿನ್ನಹ ಇಷ್ಟೆ. ನಮ್ಮ ತಂದೆಯವರು ಬಸ್ಸು ನಿಲ್ದಾಣದ ಹಿಂದಿನ ಬೀದಿಯಲ್ಲಿ ಮೋಟಾರುಗಳ ಕುಷನ್ ಕೆಲಸ ಮಾಡುವವರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆದರೆ ಭಾನುವಾರಗಳಲ್ಲಿಯೂ ರಜೆಯ ದಿನಗಳಲ್ಲಿಯೂ ನಾನು ಇಂದಿಗೂ ಆ ಅಂಗಡಿಯವನೇ. ಎರಡು ವರ್ಷಗಳಿಂದ ತಂದೆಯವರ ಕಣ್ಣಿಗೆ ಪೊರೆ ಬರುತ್ತಿರುವುದರಿಂದ, ಸೂಕ್ಷ್ಮವಾದ ಕೆಲಸದಲ್ಲಿ ನೋಡುವುದು ನನ್ನ ಪಾಲಿಗೂ ಹೇಳುವುದು ಅವರ ಪಾಲಿಗೂ ಬಂದಿದೆ. ಹಾಗೆ ಕೇಳಿ ತಿಳಿದದ್ದನ್ನು, ಅದರ ಕಾರಣಗಳಿಗಾಗಿ ಓದಿ ತಿಳಿದದ್ದರೊಡನೆ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ತಂದೆಯವರಿಗೆ ಕಾರಣ ಬೇಕಿಲ್ಲ. ಅವರ ಹೆಬ್ಬೆರಳಿಗೆ ಅದು ಗೊತ್ತು. ನನ್ನ ಹೆಬ್ಬೆರಳು ಇನ್ನೂ ಅಷ್ಟು ಕಲಿತಿಲ್ಲವಾದ್ದರಿಂದ ನನಗೆ ಕಾರಣ ಬೇಕು.

ಮುರಿದರೆ ಏನಾಯಿತು, ಹೊಸದನ್ನು ತಂದು ಕೂಡಿಸಿದರಾಯಿತು ಎನ್ನುವವರುಂಟು. ಹೊಸದು ಎಲ್ಲಿಂದ ತರುವುದು? ಬೊಂಬಾಯಿಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿಯವರು ೧೯೬೪ರಲ್ಲಿ ತಯಾರಿಸತೊಡಗಿದ ಫಿಯಟ್ ೧೧೦೦ ಡಿಲೈಟ್ ಕಾರು, ೧೯೭೦ರ ದಶಕದಲ್ಲಿ ಮೊದಲು ಪ್ರೆಸಿಡೆಂಟ್ ಎಂದೂ ಬಳಿಕ ಪದ್ಮಿನಿ ಎಂದೂ ಹೆಸರು ಬದಲಿಸಿಕೊಂಡು, ಕಳೆದ ಶತಮಾನ ಮುಗಿಯುವ ಹೊತ್ತಿಗೆ ತಾನೂ ಮುಗಿಯಿತು. ಮುಂಬಯಿಯ ಟ್ಯಾಕ್ಸಿಗಳಾಗಿ ಉಳಿದಿದ್ದವು ಕೂಡ ೨೦೨೩ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟವು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ ಹುಟ್ಟಿ, ಕಲ್ಕತ್ತೆಯ ಬಳಿಯ ಉತ್ತರಪಾಡಾದಲ್ಲಿ ಅರ್ಧ ಶತಮಾನಕ್ಕೂ ಮಿಕ್ಕಿ ತಯಾರಾದ ಅಂಬಾಸಿಡರ್ ೨೦೧೪ರ ಮೇ ತಿಂಗಳಲ್ಲಿ ನಿಂತಿತು. ಈ ಕಾರುಗಳ ಬ್ರೇಕಿನ ರಬ್ಬರು, ಬೇರಿಂಗು, ಕ್ಲಚ್ಚು ಮುಂತಾದವು ಇಂದಿಗೂ ದೊರೆಯುತ್ತವೆ. ಅವು ಸವೆಯುವ ವಸ್ತುಗಳೆಂದು ಎಲ್ಲರಿಗೂ ಗೊತ್ತಿದ್ದುದರಿಂದ ಮಾಡುವವರೂ ಮಾರುವವರೂ ಉಳಿದರು. ಬಾಗಿಲಿನ ಹಲಗೆ, ಗಾಜಿನ ಹಿಡಿಯ ಕೆಳಗಿನ ಬಿಲ್ಲೆ, ಕಂಬದ ಪಟ್ಟಿ ಇವು ಸವೆಯುವ ವಸ್ತುಗಳೆಂದು ಯಾರೂ ಎಣಿಸಿರಲಿಲ್ಲ. ಗುಜರಿಯಲ್ಲಿ ಹುಡುಕಿದರೆ ಸಿಕ್ಕೀತು, ಆದರೆ ಗುಜರಿಯ ತುಂಡಿಗೂ ನಮ್ಮ ತುಂಡಿನಷ್ಟೇ ವಯಸ್ಸು. ಮುದುಕನಿಗೆ ಮುದುಕನ ಹಲ್ಲು ಕಟ್ಟಿದಂತೆ.

ಕಳೆದ ಬೇಸಗೆಯಲ್ಲಿ ನಮ್ಮ ಅಂಗಡಿಗೆ ಒಂದು ಪದ್ಮಿನಿ ಬಂದಿತು. ಸುತ್ತಮುತ್ತಲ ಹಳ್ಳಿಗಳಲ್ಲಿ ಹೆರಿಗೆಗೆಂದು ಅಪರಾತ್ರಿಯಲ್ಲಿಯೂ ಹೋಗುತ್ತಿದ್ದ ವೈದ್ಯರೊಬ್ಬರ ಕಾರು ಅದು. ವೈದ್ಯರು ಈಗ ಇಲ್ಲ, ಕಾರು ಅವರ ಮಗಳ ಬಳಿ ಇದೆ. ಬಾಗಿಲುಗಳ ಗಾಜು ಇಳಿಯುತ್ತಿರಲಿಲ್ಲ. ಒಳಗಿನ ಯಂತ್ರವನ್ನು ನೋಡಬೇಕಾದರೆ ಹಲಗೆ ಬಿಚ್ಚಲೇಬೇಕು. ದೊಡ್ಡ ಊರಿನ ಒಂದು ವರ್ಕ್‌ಷಾಪಿನಲ್ಲಿ ಆ ಕೆಲಸಕ್ಕೆ ತೊಡಗಿ, ಬಲಗಡೆಯ ಮುಂಬಾಗಿಲಿನ ಹಲಗೆಯನ್ನು ತಿರುಪುಳಿಯಿಂದ ಮೀಟಿ ಮೂರು ತುಂಡು ಮಾಡಿ, ಹಿಂದಿನ ಸೀಟಿನ ಮೇಲೆ ಇಟ್ಟು ಕಳಿಸಿದ್ದರು. ಉಳಿದ ಮೂರು ಬಾಗಿಲು ನಮ್ಮ ಪಾಲಿಗೆ ಬಂದವು. ಆ ಮೂರರಲ್ಲಿ ಒಂದು ಮುರಿದಿದ್ದರೂ ಅದರ ಬೆಲೆಯನ್ನು ಹಣದಿಂದ ತೀರಿಸುವ ದಾರಿ ಇರಲಿಲ್ಲ. ಮೂರೂ ಮುರಿಯದೆ ಬಂದವು. ಮೊದಲಿನ ಮೂರು ತುಂಡುಗಳನ್ನು ನೆಲದ ಮೇಲೆ ಜೋಡಿಸಿಟ್ಟು, ಅವುಗಳ ಅಂಚಿನ ಗುಂಟ ಗೆರೆ ಎಳೆದು, ನಾಲ್ಕನೆಯದನ್ನು ಹೊಸದಾಗಿ ಕತ್ತರಿಸಿದೆವು. ಅದರ ರೆಕ್ಸಿನ್ನಿನ ಬಣ್ಣ ಒಂದು ಛಾಯೆ ಹೆಚ್ಚಾಗಿದೆ, ಅದಕ್ಕೆ ಉಪಾಯವಿರಲಿಲ್ಲ. ಮುಂದೆ ಹೇಳುವುದರಲ್ಲಿ ಹೆಚ್ಚಿನದು ಆ ಕಾರಿನ ಕೆಲಸದಲ್ಲಿ ನಾನು ಕಣ್ಣಾರೆ ಕಂಡದ್ದು.

ಮೊದಲು ವಸ್ತುವಿನ ಸ್ವಭಾವವನ್ನು ತಿಳಿಯಬೇಕು. ಪ್ಲಾಸ್ಟಿಕ್ಕು ಏಕೆ ಪೆಡಸಾಗುತ್ತದೆ? ಬಾಗಿಲ ಹಲಗೆಗೂ ಸೀಟಿಗೂ ಹೊದಿಸುವ ವಸ್ತುವನ್ನು ನಾವೆಲ್ಲ ರೆಕ್ಸಿನ್ ಎನ್ನುತ್ತೇವಾದರೂ ಅದು ಮೂಲತಃ ಇಂಗ್ಲೆಂಡಿನ ಒಂದು ವ್ಯಾಪಾರದ ಹೆಸರು. ಬಟ್ಟೆಗೆ ನೈಟ್ರೊಸೆಲ್ಯುಲೋಸಿನ ಲೇಪ ಕೊಟ್ಟು ಮಾಡಿದ ಕೃತಕ ಚರ್ಮ ಅದು. ನಮ್ಮ ಕಾರುಗಳಲ್ಲಿರುವುದು ಬಹುಮಟ್ಟಿಗೆ ಪಿ.ವಿ.ಸಿ. ಲೇಪದ ಬಟ್ಟೆ. ಪಿ.ವಿ.ಸಿ. ತನ್ನಷ್ಟಕ್ಕೆ ತಾನು ಗಡುಸಾದ ವಸ್ತು, ನೀರಿನ ಕೊಳವೆಯನ್ನು ನೋಡಿದರೆ ತಿಳಿಯುತ್ತದೆ. ಅದಕ್ಕೆ ಒಂದು ಬಗೆಯ ಎಣ್ಣೆಯಂಥ ದ್ರವವನ್ನು ಬೆರೆಸಿದರೆ ಅದು ಚರ್ಮದಂತೆ ಮಣಿಯುತ್ತದೆಂಬುದನ್ನು ೧೯೨೬ರಲ್ಲಿ ಅಮೆರಿಕೆಯ ವಾಲ್ಡೊ ಸೀಮನ್ ಎಂಬ ರಸಾಯನಜ್ಞನು ಕಂಡುಹಿಡಿದನು. ಮೆದು ಪಿ.ವಿ.ಸಿ.ಯ ತೂಕದಲ್ಲಿ ಮೂರನೆಯ ಒಂದು ಪಾಲಿನಷ್ಟು ಈ ದ್ರವವೇ ಇರುವುದುಂಟು. ಆದರೆ ಅದು ಪ್ಲಾಸ್ಟಿಕ್ಕಿನೊಡನೆ ರಾಸಾಯನಿಕವಾಗಿ ಬಂಧಿಸಲ್ಪಟ್ಟಿಲ್ಲ. ಚಪಾತಿಯ ಹಿಟ್ಟಿನಲ್ಲಿ ಎಣ್ಣೆ ಇದ್ದಂತೆ ಇದೆ, ಅಷ್ಟೆ. ವರ್ಷ ವರ್ಷವೂ ಬಿಸಿಲಿಗೆ ಸ್ವಲ್ಪ ಸ್ವಲ್ಪವಾಗಿ ಹೊರಟುಹೋಗುತ್ತದೆ. ಬಿಸಿಲಲ್ಲಿ ನಿಂತ ಕಾರಿನ ಮುಂಗಾಜಿನ ಒಳಮೈಯಲ್ಲಿ ಮಸುಕಾದ ಜಿಡ್ಡು ಕೂರುವುದನ್ನು ನೋಡಿದ್ದೀರಲ್ಲವೆ? ಅದರಲ್ಲಿ ಡ್ಯಾಷ್‌ಬೋರ್ಡಿನಿಂದ ಎದ್ದುಹೋದ ಈ ದ್ರವದ ಪಾಲೂ ಇರುತ್ತದೆ. ಕಾರಿನ ಮೃದುತ್ವ ಗಾಜಿಗೆ ಹತ್ತಿಕೊಂಡಿತೆಂದು ಹೇಳಬಹುದು; ಒರೆಸಿ ತೆಗೆದದ್ದನ್ನು ಮರಳಿ ಒಳಗೆ ಸೇರಿಸಲು ಬಾರದು.

ಗಡುಸಾದ ಪಟ್ಟಿಗಳ ಕಥೆ ಬೇರೆ. ಎ.ಬಿ.ಎಸ್. ಎಂಬ ಪ್ಲಾಸ್ಟಿಕ್ಕಿನ ಗಟ್ಟಿತನಕ್ಕೆ ಕಾರಣ ಅದರೊಳಗೆ ಹರಡಿಕೊಂಡಿರುವ ಅತಿ ಸಣ್ಣ ರಬ್ಬರಿನ ಕಣಗಳು. ಏಟು ಬಿದ್ದಾಗ ಬಿರುಕು ಓಡದಂತೆ ತಡೆಯುವವು ಇವೇ. ಸೂರ್ಯನ ನೇರಳಾತೀತ ಕಿರಣವೂ ಗಾಳಿಯ ಆಮ್ಲಜನಕವೂ ಸೇರಿ ಮೊದಲು ಕೆಡಿಸುವುದು ಈ ರಬ್ಬರನ್ನೇ. ಕಿಟಕಿಯ ಗಾಜು ಆ ಕಿರಣಗಳಲ್ಲಿ ಒಂದು ಭಾಗವನ್ನು ತಡೆಯುತ್ತದೆ, ಎಲ್ಲವನ್ನೂ ಅಲ್ಲ. ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ: ಕೆಡುವುದು ಮೇಲ್ಮೈಯ ತೆಳುವಾದ ಪದರ ಮಾತ್ರ, ಒಳಗಿನದು ಬಹುಕಾಲ ಚೆನ್ನಾಗಿಯೇ ಇರುತ್ತದೆ. ಆದರೆ ಬಾಗಿಸಿದಾಗ ಆ ತೆಳುಪದರದಲ್ಲಿ ಹುಟ್ಟಿದ ಬಿರುಕು ಅಲ್ಲಿಯೇ ನಿಲ್ಲದೆ ಒಳಗಿನ ಗಟ್ಟಿ ಭಾಗಕ್ಕೂ ನುಗ್ಗಿ ತುಂಡನ್ನೇ ಸೀಳುತ್ತದೆ. ಆದಕಾರಣ ಪಟ್ಟಿಯನ್ನು ಬಿಸಿಲಿಗೆ ಒಡ್ಡಿದ ಮಗ್ಗುಲು ಉಬ್ಬುವಂತೆ ಬಾಗಿಸಲೇಬಾರದು. ಬಾಗಲೇಬೇಕಾದರೆ ಆ ಮಗ್ಗುಲು ಒಳಕ್ಕೆ ತಗ್ಗುವಂತೆ ಬಾಗಬೇಕು. ತಂದೆಯವರು ಇದನ್ನು ‘ಬಿಸಿಲು ಕಂಡ ಮುಖವನ್ನು ಹಿಗ್ಗಿಸಬೇಡ’ ಎನ್ನುತ್ತಾರೆ. ಹಿಗ್ಗುವ ಮೈ ಬಿರಿಯುತ್ತದೆ, ಕುಗ್ಗುವ ಮೈ ಬಿರಿಯುವುದಿಲ್ಲ ಎಂಬ ಯಂತ್ರಶಾಸ್ತ್ರದ ಮಾತೇ ಅದು.

ಬಾಗಿಲಿನ ಹಲಗೆಯ ಒಳಗಿರುವುದು ಮರದ ನಾರನ್ನು ಒತ್ತಿ ಮಾಡಿದ ಹಾರ್ಡ್‌ಬೋರ್ಡು. ಅದಕ್ಕೆ ಬಿಸಿಲಿಗಿಂತ ನೀರು ಶತ್ರು. ಗಾಜಿನ ಸಂದಿಯಿಂದ ಇಳಿದ ಮಳೆಯ ನೀರು ಅದರ ಕೆಳಗಿನ ಅಂಚನ್ನು ಉಬ್ಬಿಸಿ, ಒಣಗಿಸಿ, ಮತ್ತೆ ಉಬ್ಬಿಸಿ, ಕೊನೆಗೆ ನೆನೆದ ರೊಟ್ಟಿನಂತೆ ಪದರ ಪದರವಾಗಿ ಮಾಡುತ್ತದೆ. ಕ್ಲಿಪ್ಪುಗಳು ಕೂಡುವ ತೂತುಗಳು ಇರುವುದೂ ಆ ಅಂಚಿನಲ್ಲಿಯೇ.

ಇನ್ನು ತೀರ ಹಳೆಯ ಕಾರುಗಳ ಗುಂಡಿ, ಹಿಡಿಗಳಲ್ಲಿ ಬೇಕಲೈಟು ಇರುವುದುಂಟು. ಬೆಲ್ಜಿಯಂ ಮೂಲದ ಬೇಕಲಂಡನು ೧೯೦೭ರಲ್ಲಿ ತಯಾರಿಸಿದ ಈ ವಸ್ತುವಿಗೂ ಮೇಲೆ ಹೇಳಿದವುಗಳಿಗೂ ಮುಖ್ಯವಾದ ವ್ಯತ್ಯಾಸ ಒಂದಿದೆ. ಚನ್ನಪಟ್ಟಣದ ಬೊಂಬೆಗೆ ಬಳಿಯುವ ಅರಗು, ತಿರುಗುವ ಮರಕ್ಕೆ ಒತ್ತಿ ಹಿಡಿದಾಗ ಉಜ್ಜುವ ಬಿಸಿಗೆ ಮೆತ್ತಗಾಗಿ ಹರಿದು, ತಣಿದ ಮೇಲೆ ಮತ್ತೆ ಗಟ್ಟಿಯಾಗುತ್ತದೆ, ಪಿ.ವಿ.ಸಿ., ಎ.ಬಿ.ಎಸ್.ಗಳು ಈ ಜಾತಿಯವು. ಇಟ್ಟಿಗೆಯಾದರೋ ಒಮ್ಮೆ ಸುಟ್ಟ ಮೇಲೆ ಮತ್ತೆ ಎಷ್ಟು ಬಿಸಿ ಮಾಡಿದರೂ ಮಣ್ಣಿನಂತೆ ಮಣಿಯದು. ಬೇಕಲೈಟು ಆ ಜಾತಿಯದು. ಯಾವುದು ಯಾವುದೆಂದು ಸಂಶಯ ಬಂದರೆ, ತುಂಡಿನ ಹಿಂದೆ ಕಾಣದ ಮೂಲೆಯಲ್ಲಿ ಕಾಯಿಸಿದ ಸೂಜಿಯ ಮೊನೆಯನ್ನು ಮುಟ್ಟಿಸಿ ನೋಡಬಹುದು. ಸೂಜಿ ಇಳಿದರೆ ಅರಗಿನ ಜಾತಿ, ಇಳಿಯದಿದ್ದರೆ ಇಟ್ಟಿಗೆಯ ಜಾತಿ.

ಇಷ್ಟು ತಿಳಿದ ಮೇಲೆ ಬಿಚ್ಚುವ ಕೆಲಸದ ತತ್ತ್ವ ತಾನಾಗಿ ಹೊಳೆಯುತ್ತದೆ. ಹಲಗೆಯಲ್ಲಿ ಬಲ ಉಳಿದಿಲ್ಲ. ಅದನ್ನು ಹಿಡಿದಿರುವ ಉಕ್ಕಿನ ಕ್ಲಿಪ್ಪಿನಲ್ಲಿ ಬಲ ಹಾಗೆಯೇ ಇದೆ. ಹಲಗೆಯ ಅಂಚನ್ನು ಹಿಡಿದು ಎಳೆದರೆ, ಎಳೆದ ಬಲವೆಲ್ಲ ಹಲಗೆಯ ಮೂಲಕ ಹಾದು ಕ್ಲಿಪ್ಪನ್ನು ತಲಪಬೇಕು. ದಾರಿಯಲ್ಲಿ ಹಲಗೆಯೇ ಹರಿಯುತ್ತದೆ. ಆದ್ದರಿಂದ ಬಲವನ್ನು ನೇರವಾಗಿ ಕ್ಲಿಪ್ಪಿಗೇ ಮುಟ್ಟಿಸಬೇಕು, ಹಲಗೆಗೆ ಅದರ ಸುದ್ದಿಯೇ ಹತ್ತಬಾರದು. ಎರಡರಲ್ಲಿ ಒಂದು ಹಾಳಾಗಲೇಬೇಕೆಂಬ ಪ್ರಸಂಗ ಬಂದರೆ ಹಾಳಾಗಬೇಕಾದದ್ದು ಕ್ಲಿಪ್ಪು. ಅದನ್ನು ಬಗ್ಗಿಸಬಹುದು, ಕತ್ತರಿಸಬಹುದು, ಬೇಕಾದರೆ ಸಣ್ಣ ಗರಗಸದ ಅಲಗನ್ನು ಹಿಂದೆ ತೂರಿಸಿ ಕೊಯ್ಯಲೂಬಹುದು. ಅಂಥ ಹೊಸ ಕ್ಲಿಪ್ಪು ಯಾವ ಮೋಟಾರು ಅಂಗಡಿಯಲ್ಲಿಯೂ ಕೆಲವೇ ರೂಪಾಯಿಗಳಿಗೆ ಸಿಕ್ಕುತ್ತದೆ. ಕೆಲಸಗಾರರಲ್ಲಿ ಅನೇಕರು ಕ್ಲಿಪ್ಪನ್ನು ಉಳಿಸಲು ಹೋಗಿ ಹಲಗೆಯನ್ನು ಕಳೆಯುವುದು ನನಗೆ ಆಶ್ಚರ್ಯವೆನಿಸುತ್ತದೆ. ಬಹುಶಃ ಕ್ಲಿಪ್ಪು ಲೋಹದ್ದು, ಹಲಗೆ ರಟ್ಟಿನಂಥದ್ದು ಎಂಬ ಕಾರಣದಿಂದ ಮನಸ್ಸಿನಲ್ಲಿ ಬೆಲೆ ಅದಲುಬದಲಾಗುತ್ತದೋ ಏನೋ.

ಕೆಲಸಕ್ಕೆ ಕೈಯಿಡುವ ಮುನ್ನ ಬ್ಯಾಟರಿಯ ಭೂಸಂಪರ್ಕದ ತಂತಿಯನ್ನು ಕಳಚಬೇಕು. ಅದು ಯಾವಾಗಲೂ ಋಣಧ್ರುವವೇ ಎಂದು ನಂಬಿ ಕೂರಬಾರದು. ಹಳೆಯ ಬ್ರಿಟಿಷ್ ಕಾರುಗಳಲ್ಲಿ ಅನೇಕವು ಧನಧ್ರುವವನ್ನು ಮೈಗೆ ಕೊಟ್ಟಂಥವು. ತಂತಿ ಎಲ್ಲಿ ಕಾರಿನ ಮೈಗೆ ಸೇರುತ್ತದೆಂದು ಕಣ್ಣಿನಿಂದ ನೋಡಿ ನಿಶ್ಚಯಿಸತಕ್ಕದ್ದು.

ಎರಡನೆಯದು ಬಿಸಿ. ಅರಗಿನ ಜಾತಿಯ ಪ್ಲಾಸ್ಟಿಕ್ಕುಗಳೆಲ್ಲ ತಣ್ಣಗಿದ್ದಾಗ ಹೆಚ್ಚು ಪೆಡಸು, ಬೆಚ್ಚಗಾದಾಗ ಕಡಿಮೆ. ಮೆದುಗೊಳಿಸುವ ದ್ರವವಿಲ್ಲದ ಪಿ.ವಿ.ಸಿ. ಸುಮಾರು ೮೦ ಡಿಗ್ರಿ ಸೆಂಟಿಗ್ರೇಡಿನಲ್ಲಿಯೂ, ಎ.ಬಿ.ಎಸ್. ಸುಮಾರು ೧೦೫ ಡಿಗ್ರಿಯಲ್ಲಿಯೂ ಗಾಜಿನ ಸ್ಥಿತಿಯನ್ನು ಬಿಟ್ಟು ಮೆತ್ತಗಾಗುತ್ತವೆ. ನಮಗೆ ಅಷ್ಟು ಬಿಸಿ ಬೇಡ, ಅಲ್ಲಿಗೆ ಹೋದರೆ ತುಂಡು ಸೊಟ್ಟಗಾಗುತ್ತದೆ. ಐವತ್ತು ಡಿಗ್ರಿಯ ಆಸುಪಾಸಿನಲ್ಲಿದ್ದರೆ ಸಾಕು, ಅಂದರೆ ಕೈಯಿಟ್ಟರೆ ಬಿಸಿ ಎನಿಸಬೇಕು, ಆದರೆ ಕೈ ತೆಗೆಯಬೇಕೆನಿಸಬಾರದು. ಇದಕ್ಕೆ ನಮ್ಮಲ್ಲಿ ಯಾವ ಉಪಕರಣವೂ ಬೇಕಿಲ್ಲ. ಗಾಜುಗಳನ್ನೆಲ್ಲ ಮುಚ್ಚಿ ಕಾರನ್ನು ಬೆಳಗಿನ ಹತ್ತು ಗಂಟೆಯ ಬಿಸಿಲಿಗೆ ಒಂದು ಗಂಟೆ ನಿಲ್ಲಿಸಿದರೆ ಒಳಗೆಲ್ಲ ಒಂದೇ ಸಮನಾಗಿ ಬೆಚ್ಚಗಾಗುತ್ತದೆ. ಇಷ್ಟು ವರ್ಷ ಕೆಡಿಸಿದ ಬಿಸಿಲಿನಿಂದಲೇ ಒಂದು ದಿನದ ಉಪಕಾರ ಪಡೆದಂತಾಯಿತು. ಮಳೆಗಾಲದಲ್ಲಿ ಕೂದಲು ಒಣಗಿಸುವ ಯಂತ್ರವನ್ನು ಒಂದು ಗೇಣು ದೂರದಲ್ಲಿ ಆಡಿಸುತ್ತ ಕಾಯಿಸಬಹುದು. ಬಣ್ಣ ಕೀಳುವ ಬಿಸಿಗಾಳಿಯ ಗನ್ನು ಮಾತ್ರ ಬೇಡ. ಅದರ ಬಾಯಲ್ಲಿ ಹಲವು ನೂರು ಡಿಗ್ರಿ ಶಾಖವಿರುತ್ತದೆ. ಡಿಸೆಂಬರಿನ ಬೆಳಗಿನ ಚಳಿಯಲ್ಲಿ ತಂದೆಯವರು ಈ ಕೆಲಸಕ್ಕೆ ಕೈಯನ್ನೇ ಹಾಕುವುದಿಲ್ಲ. ಗಿರಾಕಿ ಎಷ್ಟೇ ಅವಸರ ಮಾಡಲಿ, ‘ಬಿಸಿಲು ಬರಲಿ ಸ್ವಾಮಿ’ ಎಂದು ಬೀಡಿ ಹಚ್ಚುತ್ತಾರೆ. ಬೇಕಲೈಟಿಗೆ ಈ ಉಪಚಾರದಿಂದ ಪ್ರಯೋಜನವಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಮೂರನೆಯದು ಕ್ರಮ. ಸಂಸ್ಕೃತದ ತರಗತಿಯಲ್ಲಿ ನಾವು ಶ್ಲೋಕಕ್ಕೆ ಅನ್ವಯ ಮಾಡುತ್ತೇವೆ. ಶ್ಲೋಕದಲ್ಲಿ ಪದಗಳು ನಿಂತಿರುವ ಕ್ರಮ ಬೇರೆ, ಅರ್ಥ ಕೂಡುವ ಕ್ರಮ ಬೇರೆ. ಕ್ರಿಯಾಪದವನ್ನು ಹುಡುಕದೆ ಮೊದಲ ಪದದಿಂದಲೇ ಹಿಡಿದು ಎಳೆದರೆ ಅರ್ಥ ಕೆಡುತ್ತದೆ. ಕಾರಿನ ಒಳಹೊದಿಕೆಯಲ್ಲಿಯೂ ಹಾಗೆಯೇ. ಕಣ್ಣಿಗೆ ಮೊದಲು ಕಾಣುವ ದೊಡ್ಡ ಹಲಗೆಯನ್ನು ಹಿಡಿಯಬಾರದು. ಕಾರ್ಖಾನೆಯಲ್ಲಿ ಕೊನೆಗೆ ಕೂಡಿಸಿದ್ದು ಯಾವುದೆಂದು ಹುಡುಕಬೇಕು. ಯಾವ ತುಂಡಿನ ಅಂಚು ಇನ್ನೊಂದರ ಮೇಲೆ ಹಾದಿದೆಯೋ ಅದೇ ಆಮೇಲೆ ಕೂಡಿಸಿದ್ದು. ಹೊಸ್ತಿಲ ಪಟ್ಟಿ ಕಂಬದ ಪಟ್ಟಿಯ ಬುಡವನ್ನು ಒತ್ತಿರಬಹುದು, ಬಾಗಿಲ ಸುತ್ತಿನ ರಬ್ಬರು ಎರಡರ ಅಂಚನ್ನೂ ಮುಚ್ಚಿರಬಹುದು. ಆಗ ರಬ್ಬರು ಮೊದಲು, ಹೊಸ್ತಿಲು ಆಮೇಲೆ, ಕಂಬ ಕೊನೆಗೆ. ಬಿಚ್ಚಿದಂತೆ ತೋರಿದ ತುಂಡು ಒಂದು ಮೂಲೆಯಲ್ಲಿ ಮಾತ್ರ ಬಿಡದೆ ಹಿಡಿದುಕೊಂಡರೆ, ಅಲ್ಲಿ ಕಾಣದ ಒಂದು ತಿರುಪುಮೊಳೆ ಇದೆಯೆಂದೇ ತಿಳಿಯಬೇಕು. ಬೂದಿಬಟ್ಟಲಿನ ಹಿಂದೆ, ಕೈಯೂರುವ ದಿಂಬಿನ ಅಡಿಯಲ್ಲಿ, ರೆಕ್ಸಿನ್ನಿನ ಬಣ್ಣದ್ದೇ ಆದ ಸಣ್ಣ ಮುಚ್ಚಳದ ಕೆಳಗೆ ಅವು ಅಡಗಿರುತ್ತವೆ. ಮುರಿದ ಹಲಗೆಗಳಲ್ಲಿ ಬಹುಪಾಲು ಮುರಿದದ್ದು ಹೀಗೆ ಉಳಿದುಹೋದ ಒಂದೇ ಒಂದು ಮೊಳೆಯಿಂದ.

ಈಗ ಬಾಗಿಲಿಗೆ ಬರೋಣ. ಗಾಜಿನ ಹಿಡಿಯನ್ನು ತೆಗೆಯುವ ಮೊದಲು ಗಾಜನ್ನು ಪೂರ್ತಿ ಏರಿಸಿ, ಹಿಡಿ ಯಾವ ಕಡೆಗೆ ಮುಖ ಮಾಡಿದೆಯೆಂದು ಗುರುತಿಟ್ಟುಕೊಳ್ಳಬೇಕು. ಹಿಡಿಯನ್ನು ಕೂಡಿಸುವ ಬಗೆ ಮೂರು. ಮಧ್ಯದಲ್ಲಿ ತಿರುಪುಮೊಳೆಯಿರುವುದು ಸುಲಭದ್ದು. ಬ್ರಿಟಿಷ್ ಮೂಲದ ಹಳೆಯ ಕಾರುಗಳಲ್ಲಿ ಹಿಡಿಯ ಕೊರಳಿಗೆ ಅಡ್ಡಲಾಗಿ ಒಂದು ಸಣ್ಣ ಪಿನ್ನು ಹಾದಿರುತ್ತದೆ, ಅದನ್ನು ಸ್ಪ್ರಿಂಗಿನ ಬಲದಿಂದ ಒಂದು ಬಿಲ್ಲೆ ಮುಚ್ಚಿರುತ್ತದೆ. ಬಿಲ್ಲೆಯನ್ನು ಬಾಗಿಲ ಕಡೆಗೆ ಒತ್ತಿ ಹಿಡಿದು, ಕಂಡ ಪಿನ್ನನ್ನು ತೆಳುವಾದ ಮೊಳೆಯಿಂದ ತಳ್ಳಿದರೆ ಹಿಡಿ ಕೈಗೆ ಬರುತ್ತದೆ. ಬಿಲ್ಲೆ ಪ್ಲಾಸ್ಟಿಕ್ಕಿನದಾದರೆ ಒತ್ತುವುದು ಎರಡು ಕಡೆಯೂ ಸಮನಾಗಿರಬೇಕು. ಒಂದೇ ಬೆರಳಿನಿಂದ ಒತ್ತಿದರೆ ಅಂಚು ಸಿಡಿಯುತ್ತದೆ. ಮೂರನೆಯ ಬಗೆಯಲ್ಲಿ ಹಿಡಿಯ ಹಿಂದೆ ಕುದುರೆ ಲಾಳದ ಆಕಾರದ ತಂತಿ ಇರುತ್ತದೆ. ಇದಕ್ಕೆ ಒಂದು ಅಂಗೈ ಅಗಲದ ಹಳೆಯ ಬಟ್ಟೆಯ ಪಟ್ಟಿಯೇ ಸಾಕು. ಪಟ್ಟಿಯನ್ನು ಹಿಡಿಯ ಹಿಂದೆ ತೂರಿಸಿ, ಎರಡು ತುದಿಗಳನ್ನೂ ಹಿಡಿದು ಮಜ್ಜಿಗೆ ಕಡೆದಂತೆ ಅತ್ತಿತ್ತ ಎಳೆದರೆ, ಲಾಳ ಬಟ್ಟೆಗೆ ಸಿಕ್ಕಿ ಚಿಮ್ಮಿ ಹೊರಬರುತ್ತದೆ. ಚಿಮ್ಮುತ್ತದೆಂಬುದನ್ನು ನೆನಪಿಡಬೇಕು. ನಮ್ಮ ಅಂಗಡಿಯ ಕೆಳಗಿನ ಚರಂಡಿಯಲ್ಲಿ ಅಂಥ ಲಾಳಗಳು ಎಷ್ಟಿವೆಯೋ ದೇವರೇ ಬಲ್ಲ. ಸೀಟಿನ ಮೇಲೆ ಒಂದು ಬಿಳಿಯ ಪಂಚೆಯನ್ನು ಹಾಸಿಕೊಳ್ಳುವುದು ಕ್ಷೇಮ.

ಹಲಗೆಯ ಅಂಚಿಗೆ ಉಕ್ಕಿನ ತಿರುಪುಳಿಯನ್ನು ತೂರಿಸಬಾರದು. ತಂದೆಯವರ ಆಯುಧ ಬಿದಿರಿನದು: ಒಂದು ಗೇಣುದ್ದದ ಬಲಿತ ಬಿದಿರ ಚಕ್ಕೆ, ತುದಿಯನ್ನು ಹೆರೆದು ಗಾಜಿನ ಕಾಗದದಿಂದ ನುಣುಪು ಮಾಡಿದ್ದು. ಬಣ್ಣವನ್ನು ಗೀರುವುದಿಲ್ಲ, ಬಲ ಮೀರಿದರೆ ಹಲಗೆಗಿಂತ ಮೊದಲು ತಾನು ಮುರಿಯುತ್ತದೆ. ಈ ಎರಡನೆಯ ಗುಣವೇ ಮುಖ್ಯವಾದದ್ದು. ಈಗ ನೈಲಾನಿನ ಆಯುಧಗಳೂ ಮಾರಾಟಕ್ಕಿವೆ, ಅವೂ ಒಳ್ಳೆಯವೇ. ಮೊದಲು ಚಕ್ಕೆಯನ್ನು ಹಲಗೆಯ ಕೆಳಗಿನ ಅಂಚಿನಲ್ಲಿ ಸಡಿಲವಿರುವಲ್ಲಿ ತೂರಿಸಿ, ಎತ್ತದೆ, ಬರಿದೆ ಅಂಚಿನ ಗುಂಟ ಜಾರಿಸಬೇಕು. ಕ್ಲಿಪ್ಪು ಇರುವಲ್ಲಿ ಅದು ತಡೆದು ನಿಲ್ಲುತ್ತದೆ. ಅಲ್ಲಿ ಹೊರಗಡೆ ಸೀಮೆಸುಣ್ಣದ ಚುಕ್ಕೆ ಇಡಬೇಕು. ಹೀಗೆ ಸುತ್ತ ಒಂದು ಪ್ರದಕ್ಷಿಣೆ ಬಂದರೆ ಕ್ಲಿಪ್ಪುಗಳ ನಕ್ಷೆಯೇ ಬಾಗಿಲಿನ ಮೇಲೆ ಮೂಡಿರುತ್ತದೆ. ಸಾಮಾನ್ಯವಾಗಿ ಗೇಣಿಗೊಂದರಂತೆ ಇರುತ್ತವೆ. ಎಲ್ಲಿಯಾದರೂ ಎರಡು ಗೇಣಿನ ಅಂತರ ಕಂಡರೆ, ಒಂದು ಕ್ಲಿಪ್ಪು ಹಿಂದೆಯೇ ಹೋಗಿದೆ, ಇಲ್ಲವೆ ನಮ್ಮ ಚಕ್ಕೆ ಅದನ್ನು ತಪ್ಪಿಸಿದೆ. ಮತ್ತೊಮ್ಮೆ ಜಾರಿಸಿ ನೋಡಬೇಕು.

ಆಮೇಲೆ ತುದಿ ಕವಲಾದ ಇನ್ನೊಂದು ಚಕ್ಕೆಯನ್ನು ತೆಗೆದುಕೊಂಡು, ಕವಲಿನ ಎರಡು ಹಲ್ಲುಗಳ ನಡುವೆ ಕ್ಲಿಪ್ಪಿನ ಕೊರಳು ಬರುವಂತೆ ಕೂಡಿಸಬೇಕು. ಹೀಗೆ ಮಾಡಿದಾಗ ಹಲ್ಲುಗಳು ಒತ್ತುವುದು ಕ್ಲಿಪ್ಪಿನ ತಲೆಯನ್ನು, ಅದರ ಸುತ್ತಲ ಹಲಗೆಯನ್ನಲ್ಲ. ಮೀಟುವಾಗ ಆನಿಕೆಗೆ ಬಾಗಿಲಿನ ತಗಡಿನ ಮೇಲೆ ದಪ್ಪ ಚರ್ಮದ ತುಂಡನ್ನು ಇಟ್ಟುಕೊಂಡರೆ ಬಣ್ಣ ಉಳಿಯುತ್ತದೆ. ಕ್ಲಿಪ್ಪು ನೇರವಾಗಿ ಬರಬೇಕು, ಓರೆಯಾಗಿ ಬಂದರೆ ತೂತನ್ನು ಹರಿಯುತ್ತದೆ. ಒಂದನ್ನು ಪೂರ್ತಿ ಕಿತ್ತು ಮುಂದಿನದಕ್ಕೆ ಹೋಗುವುದೂ ಸರಿಯಲ್ಲ; ಒಂದು ಕಡೆ ಹಲಗೆ ಎರಡು ಬೆರಳು ಮೇಲೆದ್ದರೆ ಪಕ್ಕದ ಕ್ಲಿಪ್ಪಿನ ಬಳಿ ಅದು ಬಾಗಲೇಬೇಕು, ಬಾಗಿದರೆ ಬಿರಿಯಬೇಕು. ಆದ್ದರಿಂದ ಮೊದಲ ಸುತ್ತಿನಲ್ಲಿ ಎಲ್ಲವನ್ನೂ ಅಕ್ಕಿಕಾಳಿನಷ್ಟು, ಎರಡನೆಯ ಸುತ್ತಿನಲ್ಲಿ ಇನ್ನಷ್ಟು, ಮೂರನೆಯ ಸುತ್ತಿನಲ್ಲಿ ಪೂರ್ತಿ. ವೈದ್ಯರ ಕಾರಿನ ಒಂದೊಂದು ಬಾಗಿಲಿಗೂ ನಮಗೆ ಒಂದು ಗಂಟೆಯ ಮೇಲೆ ಹಿಡಿಯಿತು. ಕಣ್ಣು ಮಸುಕಾದ ತಂದೆಯವರು ಹಲಗೆಯ ಮೇಲೆ ಹೆಬ್ಬೆರಳನ್ನು ಇಟ್ಟುಕೊಂಡೇ ಇದ್ದು, ನಾನು ಮೀಟುವಾಗ ಎರಡು ಬಾರಿ ‘ನಿಲ್ಲು’ ಎಂದರು. ನನಗೆ ಏನೂ ಕಂಡಿರಲಿಲ್ಲ, ಕೇಳಿಯೂ ಇರಲಿಲ್ಲ. ಎರಡು ಬಾರಿಯೂ ಅಲ್ಲಿ ತುಕ್ಕು ಹಿಡಿದು ತಗಡಿಗೆ ಅಂಟಿದ ಕ್ಲಿಪ್ಪು ಇತ್ತು. ಅವನ್ನು ಕೊಯ್ದು ತೆಗೆದೆವು.

ತುಕ್ಕಿನ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ತುಕ್ಕು ಹಿಡಿದ ಮೊಳೆಗೆ ಸೀಮೆಎಣ್ಣೆಯನ್ನೋ ಡಬ್ಬಿಯಲ್ಲಿ ಬರುವ ತೆಳು ಎಣ್ಣೆಯನ್ನೋ ಚಿಮುಕಿಸುವುದು ನಮ್ಮಲ್ಲಿ ವಾಡಿಕೆ. ತಗಡಿನ ಮೇಲೆ ಇದು ಸರಿ. ಆದರೆ ಎ.ಬಿ.ಎಸ್.ನಂಥ ಪ್ಲಾಸ್ಟಿಕ್ಕು ಎಲ್ಲಿ ಮೊಳೆಯ ಬಿಗಿತದಿಂದ ಎಳೆತಕ್ಕೆ ಸಿಕ್ಕಿದೆಯೋ ಅಲ್ಲಿ ಪೆಟ್ರೋಲಿಯಂ ಎಣ್ಣೆಗಳು ಸೋಂಕಿದರೆ, ಯಾರೂ ಮುಟ್ಟದೆಯೇ ಕೆಲವು ಹೊತ್ತಿನಲ್ಲಿ ಕೂದಲೆಳೆಯಂಥ ಬಿರುಕುಗಳು ಏಳುವುದುಂಟು. ಎಣ್ಣೆ ಬೇಕೇ ಬೇಕೆಂದರೆ ಸೂಜಿಯ ಮೊನೆಯಿಂದ ಒಂದೇ ಹನಿಯನ್ನು ಮೊಳೆಯ ತಲೆಗೆ ಮುಟ್ಟಿಸಿ, ಸುತ್ತ ಬಟ್ಟೆ ಒತ್ತಿಡಬೇಕು. ಕೊಳೆ ತೆಗೆಯಲು ಪೆಟ್ರೋಲು, ಥಿನ್ನರು ಬೇಡ; ಸೋಪಿನ ನೀರು ಸಾಕು.

ತುಂಡಿನಲ್ಲಿ ಆಗಲೇ ಬಿರುಕು ಇದ್ದರೆ ಅದನ್ನು ಬಿಚ್ಚುವ ಮೊದಲೇ ಕಟ್ಟಿಹಾಕಬೇಕು. ಬಿರುಕಿನ ಕೊನೆ ಎಲ್ಲಿದೆಯೆಂದು ಭೂತಗನ್ನಡಿಯಲ್ಲಿ ನೋಡಿ, ಆ ಕೊನೆಯಲ್ಲಿ ಎರಡು ಮಿಲಿಮೀಟರಿನ ತೂತು ಕೊರೆದರೆ ಬಿರುಕು ಅಲ್ಲಿಗೆ ನಿಲ್ಲುತ್ತದೆ. ಚೂಪಾದ ಮೊನೆಯಲ್ಲಿ ಒಟ್ಟುಗೂಡುತ್ತಿದ್ದ ಒತ್ತಡ ತೂತಿನ ದುಂಡು ಅಂಚಿನ ಮೇಲೆ ಹರಡಿಹೋಗುವುದೇ ಇದರ ಗುಟ್ಟು. ಮೇಲೆ ಬಣ್ಣದವರು ಬಳಸುವ ಕಾಗದದ ಅಂಟುಪಟ್ಟಿಯನ್ನು ಬಿರುಕಿಗೆ ಅಡ್ಡವಾಗಿ ಹಚ್ಚಬೇಕು. ಡ್ಯಾಷ್‌ಬೋರ್ಡಿನ ಮೆತ್ತೆಯ ವಿಷಯದಲ್ಲಿ ನಾನು ಹೆಚ್ಚು ಧೈರ್ಯ ಹೇಳಲಾರೆ. ಮೇಲಿನ ಚರ್ಮ ಕುಗ್ಗಿ ಬಿಗಿದುಕೊಂಡಿರುತ್ತದೆ, ಒಳಗಿನ ನೊರೆಯಂಥ ಫೋಮು ಅವಲಕ್ಕಿಯಂತೆ ಉದುರುತ್ತಿರುತ್ತದೆ. ಅದನ್ನು ತೆಗೆಯದೆ ಆಗುವ ಕೆಲಸವಾದರೆ ತೆಗೆಯದಿರುವುದೇ ಲೇಸು. ಹಳೆಯ ಸ್ಟೀರಿಂಗ್ ಚಕ್ರದ ಕಡ್ಡಿಗಳ ಬುಡದಲ್ಲಿ ಬಿರುಕು ಇದ್ದರೂ ಅಷ್ಟೇ, ಅದನ್ನು ಕಾರಿನ ಮೇಲೆಯೇ ಎಪಾಕ್ಸಿ ತುಂಬಿ ಸರಿಪಡಿಸಬಹುದು.

ಬಿಚ್ಚಿದ ಮೊಳೆಗಳನ್ನೆಲ್ಲ ಒಂದೇ ಡಬ್ಬಿಗೆ ಸುರಿಯುವವನು ಮರಳಿ ಕೂಡಿಸುವಾಗ ಅಳುತ್ತಾನೆ. ಉದ್ದನೆಯ ಮೊಳೆ ಗಿಡ್ಡನೆಯದರ ಜಾಗಕ್ಕೆ ಹೋದರೆ ಹೊರಗಿನ ತಗಡನ್ನು ಒಳಗಿನಿಂದ ಉಬ್ಬಿಸಿಬಿಡುತ್ತದೆ. ಒಂದು ರಟ್ಟಿನ ಮೇಲೆ ಬಾಗಿಲಿನ ಚಿತ್ರ ಬರೆದು, ಮೊಳೆ ಬಂದ ಜಾಗದಲ್ಲಿಯೇ ಅದನ್ನು ರಟ್ಟಿಗೆ ಚುಚ್ಚಿಡುವುದು ನಮ್ಮ ಪದ್ಧತಿ. ತಂದೆಯವರಿಗೆ ಅಕ್ಷರ ಬಾರದಿರುವುದರಿಂದ ಹುಟ್ಟಿದ ಪದ್ಧತಿ ಇದು; ಚೀ‌ಟಿ ಬರೆದು ಅಂಟಿಸುವುದಕ್ಕಿಂತ ಎಷ್ಟೋ ಉತ್ತಮವೆಂದು ಅಕ್ಷರ ಬಲ್ಲ ನಾನೂ ಒಪ್ಪಿದ್ದೇನೆ. ಬಿಚ್ಚಿದ ಹಲಗೆಯನ್ನು ಗೋಡೆಗೆ ಒರಗಿಸಬಾರದು, ಸಮತಟ್ಟಾದ ಮಂಚದ ಮೇಲೆ ಮಲಗಿಸಬೇಕು.

ಹಲಗೆಯ ಹಿಂದೆ, ಬಾಗಿಲಿನ ತಗಡಿಗೆ ಕಪ್ಪು ಟಾರಿನಂಥ ಅಂಟಿನಿಂದ ಹಚ್ಚಿದ ಒಂದು ತೆಳು ಪ್ಲಾಸ್ಟಿಕ್ ಹಾಳೆ ಇರುತ್ತದೆ, ಇಲ್ಲವೆ ಹಿಂದೆ ಇದ್ದ ಗುರುತಿರುತ್ತದೆ. ಅವಸರದ ಕೆಲಸಗಾರರು ಇದನ್ನು ಹರಿದು ಎಸೆಯುತ್ತಾರೆ. ಹಲಗೆಯನ್ನು ಮಳೆಯ ನೀರಿನಿಂದ ಕಾಪಾಡುವುದು ಅದೇ. ಅಂಟಿನ ಮೇಲೆ ಹೊಲಿಗೆಯ ದಾರವನ್ನು ಗರಗಸದಂತೆ ಎಳೆಯುತ್ತ ಬಿಡಿಸಿದರೆ ಹಾಳೆ ಹರಿಯದೆ ಬರುತ್ತದೆ. ತೀರ ಹೋಗಿದ್ದರೆ ದಪ್ಪನೆಯ ಪಾಲಿಥೀನ್ ಹಾಳೆಯನ್ನು ಅದೇ ಅಳತೆಗೆ ಕತ್ತರಿಸಿ, ಅದರ ಕೆಳಗಿನ ಅಂಚು ಬಾಗಿಲಿನ ಒಳಕ್ಕೆ ಮಡಿಸಿಕೊಂಡಿರುವಂತೆ ಅಂಟಿಸಬೇಕು, ನೀರು ಹಾಳೆಯ ಮೇಲೆ ಹರಿದು ಬಾಗಿಲಿನ ತಳಕ್ಕೆ ಇಳಿಯಲಿ ಎಂದು. ಬಾಗಿಲಿನ ತಳದಲ್ಲಿ ನೀರು ಹೋಗುವ ತೂತುಗಳು ಮಣ್ಣಿನಿಂದ ಮುಚ್ಚಿರುತ್ತವೆ. ಅವನ್ನು ಒಂದು ಕಡ್ಡಿಯಿಂದ ಬಿಡಿಸತಕ್ಕದ್ದು.

ಮರಳಿ ಕೂಡಿಸುವುದೂ ಬಿಸಿಲಿನಲ್ಲಿಯೇ ಆಗಬೇಕು. ಕ್ಲಿಪ್ಪುಗಳನ್ನು ತೂತುಗಳಿಗೆ ಹೊಂದಿಸಿ, ಗುದ್ದದೆ, ಅಂಗೈಯಿಂದ ನೇರವಾಗಿ ಕ್ಲಿಪ್ಪಿನ ಮೇಲೆಯೇ ಒತ್ತಬೇಕು. ಪ್ಲಾಸ್ಟಿಕ್ಕಿಗೆ ಕೂಡುವ ಮೊಳೆಯನ್ನು ತೂತಿನಲ್ಲಿಟ್ಟು ಮೊದಲು ಹಿಂದಕ್ಕೆ ತಿರುಗಿಸಬೇಕು. ‘ಟಕ್’ ಎಂದು ಅದು ಹಳೆಯ ಸುತ್ತಿನೊಳಗೆ ಬಿದ್ದ ಮೇಲೆ ಮುಂದಕ್ಕೆ ತಿರುಗಿಸಿದರೆ ಹೊಸ ಸುತ್ತು ಕೊರೆದು ತೂತನ್ನು ಸೀಳುವುದಿಲ್ಲ. ತಲೆಯ ಕೆಳಗೆ ಅಗಲವಾದ ವಾಷರು ಇರಲಿ. ಮೊಳೆಗಳನ್ನೆಲ್ಲ ಬೆರಳ ಬಲದಷ್ಟೇ ಬಿಗಿದು, ಕಾರನ್ನು ಒಂದು ಹಗಲು ಹಾಗೆಯೇ ಬಿಟ್ಟು, ಹಲಗೆ ತನ್ನ ಜಾಗವನ್ನು ನೋಡಿಕೊಂಡ ಮೇಲೆ ಸಂಜೆ ಇನ್ನು ಕಾಲು ಸುತ್ತು ಕೊಟ್ಟರೆ ಸಾಕು. ಗಾಜಿನ ಹಿಡಿ ಎಲ್ಲಕ್ಕೂ ಕೊನೆಗೆ; ಅದನ್ನು ಕೂಡಿಸುವ ಮುನ್ನ ಒಮ್ಮೆ ಗಾಜನ್ನು ಏರಿಸಿ ಇಳಿಸಿ ನೋಡಬೇಕು.